ಮೂರನೆಯ ಕೂಗು

ಕರೆಂಟು ಹೋಗಬಹುದಿತ್ತು. ಟೆಲಿಫೋನಿನ ತಂತಿಯನ್ನು ಇಲಿ ಕಡಿಯಬಹುದಿತ್ತು. ಬಸುರಿಯರಿಗೆ ಫೋನು ಮಾಡುವ ನಮ್ಮ ಒಂಟಿಕೊಪ್ಪಲಿನ ಆಫೀಸು ಬಾಡಿಗೆ ಮನೆಯಲ್ಲಿತ್ತು. ಮಾಲೀಕರ ಮಗಳಿಗೆ ಗಂಡು ಗೊತ್ತಾಗಿ, ಬೀಗರು ಬಂದು ಇಳಿದುಕೊಳ್ಳಲು ಜಾಗ ಬೇಕೆಂದು ನಮ್ಮನ್ನು ಎಬ್ಬಿಸಬಹುದಿತ್ತು. ಬಸುರಿಯೊಬ್ಬಳಿಗೆ ಹೋದ ಕರೆಯನ್ನು ಅವಳ ಗಂಡ ಎತ್ತಿ, ಸಂಜೆಯಾದರೆ ಸಾಕು ಇದ್ಯಾರದು ಫೋನು ಎಂದು ಅನುಮಾನಪಟ್ಟು, ಫೋನನ್ನು ಬಾವಿಗೆ ಎಸೆಯಬಹುದಿತ್ತು. ಕಬ್ಬಿಣದ ಮಾತ್ರೆ ನುಂಗಿದವರಿಗೆ ಹೊಟ್ಟೆ ತೊಳಸಿ, ತಪ್ಪನ್ನು ಫೋನಿನ ತಲೆಗೆ ಕಟ್ಟಬಹುದಿತ್ತು. ಕಂಪ್ಯೂಟರು ತಿಂಗಳು ಎಣಿಸುವುದರಲ್ಲಿ ಎಡವಿ, ಆಗತಾನೇ ಮುಟ್ಟು ನಿಂತವಳಿಗೆ ಕೂಸಿನ ಚುಚ್ಚುಮದ್ದಿನ ವಿಷಯ ಹೇಳಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ಬರೆಯುವಾಗ ನನ್ನ ಕೈಯೇ ಹಿಂದೆಗೆದದ್ದು: ಕೂಸು ಉಳಿಯದ ಮನೆಗೆ ಕರೆ ಹೋಗಿ, ಕೂಸು ಹೇಗಿದೆ ಎಂದು ಅಕ್ಕರೆಯಿಂದ ವಿಚಾರಿಸಬಹುದಿತ್ತು.

ಇವೆಲ್ಲವನ್ನೂ ನಾನು ಮುಂಚಿತವಾಗಿ ಯೋಚಿಸಿ, ಅಂದವಾಗಿ ಟೈಪು ಮಾಡಿ, ಸಮುದ್ರದಾಚೆಯ ದೊಡ್ಡ ಆಫೀಸಿಗೆ ಕಳಿಸಿದ್ದೆ. ಅದೇ ನನ್ನ ಕೆಲಸ. ಇವುಗಳಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಒಂದೇ ಒಂದು, ಅದೂ ಎಷ್ಟು ಚಿಕ್ಕದೆಂದರೆ ನಿಮಗೆ ಹೇಳಲು ಸಂಕೋಚವಾಗುತ್ತದೆ. ಹೇಳುತ್ತೇನೆ. ಅದಕ್ಕೆ ಮೊದಲು, ಈಗ ತುಸು ಹೊತ್ತಿನ ಮುಂಚೆ ಈ ಮನೆಯಲ್ಲಿ ಫೋನು ಬಡಿದುಕೊಂಡದ್ದನ್ನು ಹೇಳಬೇಕು.

ಎಲ್ಲರೂ ಜೇಬಿನಲ್ಲಿ ಫೋನಿಟ್ಟುಕೊಂಡು ಓಡಾಡುವ ಈ ಕಾಲದಲ್ಲೂ ನಮ್ಮ ಕೃಷ್ಣಮೂರ್ತಿಪುರಂ ಮನೆಯ ನಡುಮನೆಯಲ್ಲಿ ಹಳೆಯ ಗುಂಡಿ ಫೋನೊಂದು ಕ್ರೋಶಾ ಹೆಣಿಗೆಯ ಮುಸುಕು ಹೊದ್ದು ಕೂತಿದೆ. ಅದನ್ನು ತೆಗೆಸಿಹಾಕಲು ನನಗೆ ಮನಸ್ಸು ಬಂದಿಲ್ಲ. ತಿಂಗಳಾನುಗಟ್ಟಲೆ ಬಾಯಿ ಬಿಡುವುದಿಲ್ಲ. ಇವತ್ತು ದೀಪ ಹಚ್ಚಿ ಕೈ ಒರೆಸಿಕೊಳ್ಳುತ್ತಿದ್ದಾಗ ಬಡಿದುಕೊಂಡಿತು. ನಾನು ಹೋಗಿ ಅದರ ಮುಂದೆ ನಿಂತೆ, ಎತ್ತಲಿಲ್ಲ. ಒಂದನೆಯ ಸಲಕ್ಕೆ ಎತ್ತುವವಳು ನಾನಲ್ಲ. ಕರೆಗಂಟೆಗೂ ಅಷ್ಟೇ, ಬಾಗಿಲಲ್ಲಿ ಹೆಸರು ಹಿಡಿದು ಕೂಗಿದರೂ ಅಷ್ಟೇ. ಮೂರನೆಯದಕ್ಕೆ ಕಾಯುತ್ತೇನೆ. ಇದರಿಂದ ನನಗೆ ಎಷ್ಟೋ ಕೊರಿಯರುಗಳು ತಪ್ಪಿಹೋಗಿವೆ.

ಈ ಅಭ್ಯಾಸ ಗಿರಿಜತ್ತೆಯದು. ನನ್ನ ತಂದೆಯ ಅಕ್ಕ. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಪ್ರೈಮರಿ ಶಾಲೆಯಲ್ಲಿ ಟೀಚರಾಗಿ ಈ ಮನೆಯನ್ನು ತಾವೇ ಕಟ್ಟಿಸಿಕೊಂಡಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಎಂಬಿಎ ಓದಲು ಗುಂಡ್ಲುಪೇಟೆಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಅವರ ಬಾಗಿಲಿಗೆ ಬಂದಾಗ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿತ್ತು. ನನಗೇ ಹೇಳುತ್ತಿದ್ದಾರೆಂದು ತಿಳಿದು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ.

ಆ ಕಾಲದ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹೊತ್ತು ಮುಳುಗಿದ ಮೇಲೆ ಒಂದು ಬರುತ್ತದೆ. ಮನೆಯವರ ದನಿಯಲ್ಲೇ, ಅಮ್ಮನ ಹಾಗೆ, ಅಕ್ಕನ ಹಾಗೆ, ಹೆಸರು ಹಿಡಿದು ಬಾಗಿಲಲ್ಲಿ ಕೂಗುತ್ತದೆ. ಓ ಎಂದವರು ಕೆಟ್ಟರು. ಬಾಗಿಲಲ್ಲಿ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹೋಗುತ್ತದೆ, ಮರುದಿನ ಬಂದು ಮತ್ತೆ ಓದಿಕೊಂಡು ಹೋಗುತ್ತದೆ. ದೆವ್ವಕ್ಕೆ ಅಕ್ಷರ ಬರುತ್ತದೆ, ಆದರೆ ನೆನಪಿನ ಶಕ್ತಿ ಇಲ್ಲ ಎಂದು ಇದರ ತಾತ್ಪರ್ಯ. ಗಿರಿಜತ್ತೆಯ ಕೈಬರಹ ಇಡೀ ಬೀದಿಗೆ ಪ್ರಸಿದ್ಧವಾಗಿದ್ದರಿಂದ ಅಕ್ಕಪಕ್ಕದವರೆಲ್ಲ ಅವರಿಂದಲೇ ಬರೆಸಿಕೊಳ್ಳುತ್ತಿದ್ದರು. ಎಂಥ ದೆವ್ವವಾದರೂ ಆ ದುಂಡಗಿನ ಅಕ್ಷರಕ್ಕೆ ಮರ್ಯಾದೆ ಕೊಡದೆ ಹೋಗಲಾರದು.

"ನಂಬ್ತೀರಾ ಅತ್ತೆ, ಇದನ್ನೆಲ್ಲ?" ಎಂದು ಕೇಳಿದ್ದೆ.

"ನಂಬೋದೇನು ಬಂತು? ಬರೆದ್ರೆ ನಂಗೇನು ಸೀಮೆಸುಣ್ಣ ದುಡ್ಡು ಕೊಟ್ಟು ತರ್ಬೇಕಾ?" ಎಂದಿದ್ದರು. ಆಮೇಲೆ, ಬತ್ತಿ ಹೊಸೆಯುತ್ತಾ, ದನಿ ತಗ್ಗಿಸಿ: "ಆದ್ರೂ ಒಂದು ತಿಳ್ಕೊ ಮಗಾ. ಮನುಷ್ಯರಾದ್ರೆ ಮೂರು ಸಲ ಕೂಗ್ತಾರೆ. ಅದು ಒಂದೇ ಸಲ ಕೂಗೋದು. ಅದಕ್ಕೆ ತಾಳ್ಮೆ ಇಲ್ಲ. ನಾನು ಕೂಗಿದ್ರೂ ಅಷ್ಟೆ, ಮೂರನೇದಕ್ಕೆ ಓ ಅನ್ನು."

ಅವರು ಮೂರು ಸಲ ಕೂಗುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ನಾನು ಮಹಡಿಯ ಮೇಲೆ ಪುಸ್ತಕ ಹಿಡಿದು ಕೂತಿದ್ದರೆ, ಕೆಳಗಿನಿಂದ "ಮಗಾ..." ಎಂದು ಒಂದು. ಸುಮ್ಮನಿರುವುದು. ಮತ್ತೆ "ಮಗಾ..." ಎಂದು ಇನ್ನೊಂದು. ಸುಮ್ಮನಿರುವುದು. ಕಡೆಗೆ "ಎಲ್ಲಿದ್ದೀಯೇ ಮಗಾ?" ಆಗ ನಾನು "ಬಂದೆ ಅತ್ತೆ" ಎನ್ನುವುದು. ಮೂವತ್ತು ವರ್ಷ ಗದ್ದಲದ ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟ ದನಿ ಅದು. ಆದರೆ ಗದರುವ ದನಿಯಲ್ಲ. ಹಾಲು ಉಕ್ಕುವ ಮೊದಲು ಒಲೆ ಸಣ್ಣ ಮಾಡುತ್ತಾರಲ್ಲ, ಹಾಗೆ ಮೂರನೆಯ ಕೂಗಿನ ಕೊನೆಯಲ್ಲಿ ತಗ್ಗುತ್ತಿತ್ತು.

ಎಂಬಿಎ ತರಗತಿಯಲ್ಲಿ ನನ್ನ ಹೆಸರು ಹಾಳಾದದ್ದು ಮೊದಲ ವರ್ಷದಲ್ಲೇ. ಹೊಸದೊಂದು ಸೋಪನ್ನು ಮಾರುಕಟ್ಟೆಗೆ ಬಿಡುವುದು ಹೇಗೆಂದು ಎಲ್ಲರೂ ಬರೆದು ತಂದರೆ, ನಾನು ಆ ಸೋಪು ಏಕೆ ಮಾರಾಟವಾಗುವುದಿಲ್ಲ ಎಂದು ಪುಟಗಟ್ಟಲೆ ಬರೆದಿದ್ದೆ. ಬಚ್ಚಲಲ್ಲಿ ಜಾರಿ ಬೀಳುವವರ ಮೇಲೂ ಒಂದು ಪ್ಯಾರಾ ಇತ್ತು. ಮೇಷ್ಟ್ರು ಓದಿ, ಕನ್ನಡಕ ತೆಗೆದು, "ಏನಮ್ಮ, ನೀವು ಸೋಪು ಮಾರೋಕೆ ಬಂದಿದ್ದೀರೋ, ಸ್ನಾನ ಬಿಡಿಸೋಕೋ?" ಎಂದರು. ಕೋರ್ಸು ಮುಗಿದಾಗ ಜೊತೆಯವರೆಲ್ಲ ಬ್ಯಾಂಕಿಗೆ, ಟೀವಿ ಮಾರುವ ಕಂಪನಿಗಳಿಗೆ ಹೋದರು. ನನಗೆ ಸಿಕ್ಕಿದ್ದು ಕಡಕೊಳದ ಇಂಡಸ್ಟ್ರಿಯಲ್ ಏರಿಯಾದ ಒಂದು ಊದುಬತ್ತಿ ಕಂಪನಿ. ಹೊರದೇಶಕ್ಕೆ ಹೋಗುವ ಪೆಟ್ಟಿಗೆಗಳ ವಿಭಾಗ. ನಂಜನಗೂಡು ಬಸ್ಸಿನಲ್ಲಿ ದಿನಾ ಹೋಗಿ ಬರುವುದು. ನಾನು ಹತ್ತಿದರೆ ಬಸ್ಸಿನಲ್ಲಿ ಮುದುಕಿಯರು ಕೈಮುಗಿಯುವಷ್ಟು ಗಂಧದ ವಾಸನೆ.

ಅಲ್ಲಿ ಪೆಟ್ಟಿಗೆಗಳು ಹಡಗಿನಲ್ಲಿ ನೆನೆದಾವು, ಒಣಗಿಯಾವು, ಹೊತ್ತಿಕೊಂಡಾವು ಎಂದು ಆರೇಳು ವರ್ಷ ಚಿಂತೆ ಮಾಡಿದೆ. ಒಂದೂ ನೆನೆಯಲಿಲ್ಲ. ಚಿಂತೆಯಿಂದಲೇ ನೆನೆಯಲಿಲ್ಲ ಎಂದು ನನ್ನ ನಂಬಿಕೆ. ಅದನ್ನು ಸುಳ್ಳೆಂದು ಸಾಬೀತು ಮಾಡಲು ಇನ್ನೂ ಯಾರಿಂದಲೂ ಆಗಿಲ್ಲ.

ಆಮೇಲೆ ಪೇಪರಿನಲ್ಲಿ ಒಂದು ಸಣ್ಣ ಜಾಹೀರಾತು. ಹೊರದೇಶದ ಒಂದು ಸಂಸ್ಥೆ, ಬಡ ದೇಶಗಳ ಹಳ್ಳಿಗಳಿಗೆ ಕಂಪ್ಯೂಟರು, ಫೋನುಗಳಿಂದ ಏನು ಉಪಕಾರ ಮಾಡಬಹುದೆಂದು ಪ್ರಯೋಗ ಮಾಡುತ್ತದಂತೆ; ಅದರ ಮೈಸೂರು ಆಫೀಸಿಗೆ ಎಂಬಿಎ ಆದವರು ಬೇಕಂತೆ. ಒಂಟಿಕೊಪ್ಪಲಿನ ಒಂದು ಮನೆ, ಮುಂದೆ ಸಂಪಿಗೆ ಮರ, ಒಳಗೆ ಪ್ರಭುಸ್ವಾಮಿ ಎಂಬ ದಪ್ಪ ಮೀಸೆಯ, ಮೆಲುಮಾತಿನ ಮುಖ್ಯಸ್ಥರು. ಹಳ್ಳಿಯ ಬಸುರಿಯರಿಗೆ ಫೋನಿನಲ್ಲಿ ಆರೋಗ್ಯದ ಮಾತು ಹೇಳುವ ಯೋಜನೆಯನ್ನು ವಿವರಿಸಿ, "ಇದ್ರಲ್ಲಿ ಏನೇನು ಕೆಡಬಹುದು ಅನ್ಸುತ್ತೆ ನಿಮಗೆ?" ಎಂದು ಕೇಳಿದರು. ಜನ್ಮದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಆ ಪ್ರಶ್ನೆ ಕೇಳಿದ್ದರು. ನಾನು ಶುರು ಮಾಡಿದೆ. ಕಾಫಿ ಕೆನೆ ಕಟ್ಟಿತು. ಸಂಪಿಗೆ ಮರದ ನೆರಳು ಕಿಟಕಿಯಿಂದ ಗೋಡೆಗೆ ಹೋಯಿತು. ಅವರು "ನಾಳೆಯಿಂದ್ಲೇ ಬಂದ್ಬುಡಿ ಮೇಡಂ" ಎಂದರು. ನನ್ನ ಕಾಯಿಲೆಗೆ ಅವರಲ್ಲಿ ಒಂದು ಹುದ್ದೆಯೇ ಇತ್ತು.

ಅಪ್ಪ ಗುಂಡ್ಲುಪೇಟೆಯ ಅಂಗಡಿಯಿಂದ ಫೋನು ಮಾಡಿ, ಇಷ್ಟು ಓದಿ ಬಸುರಿಯರಿಗೆ ಮಾತ್ರೆ ನುಂಗಿಸೋ ಕೆಲಸವಾ ಎಂದು ಗೊಣಗಿದರು. ಅತ್ತೆ ಮಾತ್ರ ಕೇಳಿದ್ದು ಒಂದೇ. "ಯಾರ ದನೀಲಿ ಮಾತಾಡುತ್ತೇ ಅದು?"

ಅದೇ ದೊಡ್ಡ ಕಷ್ಟವಾಗಿತ್ತು. ಮೊದಲು ರೇಡಿಯೋದಲ್ಲಿ ಕಾರ್ಯಕ್ರಮ ನಿರೂಪಿಸಿ ಅಭ್ಯಾಸವಿದ್ದ ಒಬ್ಬರ ಧ್ವನಿ ಹಾಕಿದೆವು. ಹಳ್ಳಿಯವರು ಅದನ್ನು ವಾರ್ತೆ ಎಂದು ತಿಳಿದು ಫೋನನ್ನು ಗೂಟಕ್ಕೆ ತೂಗುಹಾಕಿ ಕೆಲಸಕ್ಕೆ ಹೋದರು. ನಮ್ಮ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದ ಮಂಜುನಾಥ, ಊಟದ ಡಬ್ಬಿ ಮರೆತ ನನಗಾಗಿ ಅತ್ತೆ ಆಫೀಸಿಗೆ ಮಾಡಿದ ಫೋನನ್ನು ಒಂದು ದಿನ ಎತ್ತಿದ. ಇಟ್ಟವನೇ, "ಮೇಡಂ, ನನಗೆ ತಗೊಂಡಿರದ ಮಾತ್ರೆ ತಗೋಬೇಕು ಅನ್ನಿಸ್ತಿದೆ ಕಣ್ರೀ" ಎಂದ.

ಅತ್ತೆಯ ಉಗ್ರಾಣದ ಕೋಣೆಯಲ್ಲಿ ಗೋಡೆಗೆಲ್ಲ ಕಂಬಳಿ ಇಳಿಬಿಟ್ಟು ರೆಕಾರ್ಡು ಮಾಡಿದೆವು. ಇಡೀ ಮಾತನ್ನು ಒಂದೇ ಸಲ ಹೇಳಿಸುವುದಲ್ಲ. ತಿಂಗಳುಗಳನ್ನು ಬೇರೆ, ವಾರಗಳನ್ನು ಬೇರೆ, ಅಂಕಿಗಳನ್ನು ಬೇರೆ, 'ಮಾತ್ರೆ' ಬೇರೆ, 'ತೆಗೆದುಕೊಂಡಿರಾ' ಬೇರೆ. ಯಾರಿಗೆ ಯಾವಾಗ ಏನು ಬೇಕೋ ಅದನ್ನು ಕಂಪ್ಯೂಟರು ಆಯ್ದು, ಪೋಣಿಸಿ, ಮಾತಾಗಿ ಮಾಡುತ್ತದೆ. ಮಾತ್ರೆ ತೆಗೆದುಕೊಂಡಿದ್ದರೆ ಒಂದನ್ನು ಒತ್ತಿ, ಇಲ್ಲವಾದರೆ ಎರಡನ್ನು ಒತ್ತಿ. ಅತ್ತೆ ಹಣೆಗೆ ವಿಭೂತಿ ಇಟ್ಟುಕೊಂಡು, ಅಕ್ಕಿ ಮೂಟೆಯ ಮೇಲೆ ನೆಟ್ಟಗೆ ಕೂತು, ಹಾಜರಿ ಕರೆಯುವ ಹಾಗೆ ಒಂದೊಂದೇ ಮಾತನ್ನು ಮೈಕಿಗೆ ಕೊಟ್ಟರು.

ಮಂಜುನಾಥ ಮರುದಿನ ಪೋಣಿಸಿದ್ದನ್ನು ತಂದು ಕೇಳಿಸಿದ. 'ನಮಸ್ಕಾರ. ನಾನು ಗಿರಿಜಮ್ಮ. ನಿಮಗೆ ಈಗ ಏಳನೆಯ ತಿಂಗಳು.' ಅತ್ತೆ ಎಂದೂ ಆಡದ ಮಾತು, ಅತ್ತೆಯ ದನಿಯಲ್ಲಿ. ಎಲ್ಲೂ ಉಸಿರು ತೆಗೆದುಕೊಳ್ಳುವುದಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ತುಟಿ ಮುಚ್ಚಿಕೊಂಡು, ಅಳತೆಗೆ ಕೊಟ್ಟ ರವಿಕೆಯನ್ನು ಇನ್ನೊಬ್ಬರು ತೊಟ್ಟು ಬಂದಾಗ ನೋಡುವ ಹಾಗೆ ಆ ಪೆಟ್ಟಿಗೆಯನ್ನು ನೋಡುತ್ತಿದ್ದರು.

"ನಾನು ಮಲ್ಗಿದ್ದಾಗ್ಲೂ ಇದು ಮಾತಾಡುತ್ತಾ?"

"ಮಾತಾಡುತ್ತೆ ಅತ್ತೆ."

"ನಮ್ಮವ್ವ ಅನ್ನೋರು, ಹೊತ್ತು ಮುಳುಗೋ ಮುಂಚೆ ತಂತಿ ಮೇಲಿನ ಬಟ್ಟೆ ಒಳಕ್ಕೆ ತಂದ್ಬುಡಬೇಕು ಅಂತ. ದನೀನ ಹೊರಗಡೆ ಬಿಡಬಹುದೋ ಏನೋ, ಹೇಳ್ಲಿಲ್ಲ ಆಯಮ್ಮ." ನಕ್ಕು, ಮಂಜುನಾಥನಿಗೆ ಇನ್ನೊಂದು ಲೋಟ ಕಾಫಿ ತರಲು ಎದ್ದರು.

ಕಡಕೊಳದ ಆಚೆಯ ಹಳ್ಳಿಗಳಲ್ಲಿ ಪ್ರಯೋಗ ಶುರುವಾಯಿತು. ಹೆಂಗಸರಿಗೆ ಬಿಡುವಾಗುವ ಹೊತ್ತೆಂದು ನಾವು ಆರಿಸಿಕೊಂಡದ್ದು ಮುಸ್ಸಂಜೆ. ಫೋನು ಎತ್ತಿದವರು ಏನಾದರೂ ದನಿ ಮಾಡಿದ ಮೇಲೆಯೇ ಮುಂದಿನ ಮಾತು ಹೋಗಬೇಕು, ಇಲ್ಲವಾದರೆ ಕರೆ ನಿಲ್ಲಬೇಕು ಎಂದು ಮಂಜುನಾಥ ಏರ್ಪಾಟು ಮಾಡಿದ್ದ. ಬರಿಯ ಗಾಳಿಗೆ ಯಾಕೆ ಮಾತು ದಂಡ ಮಾಡಬೇಕು?

ಒಬ್ಬರೂ ದನಿ ಮಾಡಲಿಲ್ಲ.

ಫೋನು ಎತ್ತುತ್ತಿದ್ದರು. 'ನಮಸ್ಕಾರ. ನಾನು ಗಿರಿಜಮ್ಮ' ಎಂಬುದನ್ನು ಕೇಳುತ್ತಿದ್ದರು. ಆಮೇಲೆ ಉಸಿರು ಬಿಗಿಹಿಡಿದ ಮೌನ. ಹಿಂದೆ ಎಲ್ಲೋ ದೂರದಲ್ಲಿ, ಯಂತ್ರದ ಲೆಕ್ಕಕ್ಕೆ ಬಾರದಷ್ಟು ಮೆಲ್ಲಗೆ, ಒಂದು ಕರು ಅಂಬಾ ಎನ್ನುವುದು, ಪಾತ್ರೆ ಸದ್ದು. ಅಷ್ಟರಲ್ಲಿ ಕರೆ ನಿಲ್ಲುತ್ತಿತ್ತು. ಪ್ರತಿ ಮನೆಯಲ್ಲೂ ಹಾಗೆಯೇ. ದೊಡ್ಡ ಆಫೀಸಿನವರು ಲೈನು ಸರಿಯಿಲ್ಲ, ದುರಸ್ತಿ ಮಾಡಿಸಿ, ಇಲ್ಲವಾದರೆ ಯೋಜನೆಯನ್ನು ಬೇರೆ ದೇಶಕ್ಕೆ ಕೊಡುತ್ತೇವೆ ಎಂದು ಬರೆದರು. ಹಳ್ಳಿಗೆ ಹೋಗಿ ಕೇಳಿದರೆ ಹೆಂಗಸರು ಮುಖ ಮುಖ ನೋಡಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಸಾಕಮ್ಮ ಎಂಬ ಎಂಟು ತಿಂಗಳ ಬಸುರಿ ಮಾತ್ರ, "ಚೆನ್ನಾಗೈತೆ ಕಣಕ್ಕ ದನಿ. ಅದ್ಕೇ ಎದ್ರಿಕೆ" ಎಂದಳು. ನನಗೆ ಅರ್ಥವಾಗಲಿಲ್ಲ. ಎಂಬಿಎ ಎಂಬುದು ಎಷ್ಟು ಸರಳವಾದ ಮಾತನ್ನೂ ಅರ್ಥವಾಗದಂತೆ ಮಾಡಬಲ್ಲದು.

ಅರ್ಥವಾದದ್ದು ಒಂದು ಮಂಗಳವಾರ. ಪರೀಕ್ಷೆಗೆಂದು ಮಂಜುನಾಥ ಕಂಪ್ಯೂಟರಿಗೆ ಎಲ್ಲಕ್ಕಿಂತ ಮೊದಲು ಹಾಕಿದ್ದ ನಂಬರು ನಮ್ಮ ಮನೆಯದು. ದೀಪ ಹಚ್ಚಿದ್ದೆವು. ಅತ್ತೆ ನನ್ನ ಎದುರಿಗೇ ಕೂತು ಮಲ್ಲಿಗೆ ಕಟ್ಟುತ್ತಿದ್ದರು, ನಾರಿನ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು. ಫೋನು ಬಡಿದುಕೊಂಡಿತು, ಎತ್ತಿದೆ. ಕಿವಿಯಲ್ಲಿ ಅತ್ತೆಯ ದನಿ 'ನಾನು ಗಿರಿಜಮ್ಮ' ಎಂದಿತು. ಕಣ್ಣೆದುರು ಅತ್ತೆಯ ಬಾಯಿ ಮುಚ್ಚಿತ್ತು. ನಾನು ಆ ಯಂತ್ರದ ಒಂದೊಂದು ಮೊಳೆಯನ್ನೂ ಬಲ್ಲವಳು. ಆದರೂ ನನ್ನ ಬಾಯಿ ಏಳಲಿಲ್ಲ. ಅದು ಕೂಗಿದ್ದು ಒಂದೇ ಸಲ. ಇನ್ನೂ ಎರಡು ಬರಲಿ ಎಂದು, ಅಷ್ಟು ಓದಿದ ನಾನು ಉಸಿರು ಬಿಗಿಹಿಡಿದು ಕಾಯುತ್ತಾ ನಿಂತಿದ್ದೆ. ಕರೆ ನಿಂತುಹೋಯಿತು.

ಹೊತ್ತು ಮುಳುಗುವಾಗ, ಪ್ರೀತಿಯ ದನಿಯಲ್ಲಿ, ಒಂದೇ ಒಂದು ಸಲ. ನಾವು ಸರ್ಕಾರದ ಒಪ್ಪಿಗೆ ಪಡೆದು, ಹೊರದೇಶದ ಹಣ ತಂದು, ಸುತ್ತಲ ಹಳ್ಳಿಗಳಿಗೆಲ್ಲ ಅದನ್ನೇ ಕಳಿಸುತ್ತಿದ್ದೆವು. ನನ್ನ ಅಷ್ಟು ಉದ್ದದ ಚಿಂತೆಗಳಲ್ಲಿ ಇದೊಂದು ಇರಲಿಲ್ಲ.

ಮರುದಿನ ಸಂಜೆ ಮಂಜುನಾಥ ತನ್ನ ಸ್ವಂತ ಪುಟ್ಟ ರೆಕಾರ್ಡರು ಹಿಡಿದು ಮನೆಗೆ ಬಂದ. ಮೂರು ಸಲ ಕೂಗಿ ಎಂದರೆ ಅತ್ತೆಗೆ ಆಗಲಿಲ್ಲ. "ಯಾರೂ ಇಲ್ದೆ ಸುಮ್ನೆ ಎಂಗೋ ಕೂಗೋದು? ನಗು ಬರುತ್ತೆ ಕಣೋ" ಎಂದರು. ಕಡೆಗೆ ನನ್ನನ್ನು ಮಹಡಿಗೆ ಕಳಿಸಿದರು. ನಾನು ಹಳೆಯ ಜಾಗದಲ್ಲಿ, ನೀರಿನ ತೊಟ್ಟಿಯ ಪಕ್ಕ, ಪುಸ್ತಕವಿಲ್ಲದೆ ಕೂತೆ. ಕೆಳಗಿನಿಂದ ಬಂತು. "ಮಗಾ..." ಬಿಟ್ಟು, "ಮಗಾ..." ಬಿಟ್ಟು, "ಎಲ್ಲಿದ್ದೀಯೇ ಮಗಾ?" ನಾನು ಮರೆತು "ಬಂದೆ ಅತ್ತೆ" ಎಂದುಬಿಟ್ಟೆ. ಅದನ್ನು ಮಂಜುನಾಥ ಆಮೇಲೆ ಕತ್ತರಿಸಿ ತೆಗೆದ.

ಮುಂದಿನ ವಾರದಿಂದ ಹಳ್ಳಿಗಳು ಬಾಯಿ ಬಿಟ್ಟವು. ಮೂರನೆಯ ಕೂಗು ಮುಗಿಯುತ್ತಲೂ "ಹೂಂ, ಇದ್ದೀನಿ ಕಣವ್ವ." ಮಾತ್ರೆಯ ಮಾತು ಮುಗಿದ ಮೇಲೂ ಇಡುತ್ತಿರಲಿಲ್ಲ. ಬೆನ್ನು ನೋವು, ಅತ್ತಿಗೆಯ ಕಾಟ, ಕನಸಿನಲ್ಲಿ ಹಾವು, ಎಲ್ಲ ಹೇಳಿಕೊಳ್ಳುತ್ತಿದ್ದರು, ಒಂದೂ ಅರ್ಥವಾಗದ ಯಂತ್ರಕ್ಕೆ. ಸಾಕಮ್ಮನಿಗೆ ಹೆಣ್ಣುಕೂಸಾಯಿತು, ಗಿರಿಜ ಎಂದು ಹೆಸರಿಟ್ಟಳು. ದೊಡ್ಡ ಆಫೀಸಿನವರು ಲೈನು ಚೆನ್ನಾಗಿ ದುರಸ್ತಿಯಾಗಿದೆ ಎಂದು ಮೆಚ್ಚಿಕೊಂಡು ಬರೆದರು. ನಾನು ತಿದ್ದಲು ಹೋಗಲಿಲ್ಲ. ಇಂಗ್ಲಿಷಿನಲ್ಲಿ ಅದನ್ನು ಬರೆಯುವುದು ಹೇಗೆಂದು ನನಗೆ ಇಂದಿಗೂ ಗೊತ್ತಿಲ್ಲ.

ಅತ್ತೆಯ ಗಂಟಲು ಕಟ್ಟಿದ್ದು ಆ ವರ್ಷದ ಚಳಿಗಾಲದಲ್ಲಿ. ಶುಂಠಿ ಕಷಾಯ ಕುಡಿದರು, ಉಪ್ಪುನೀರು ಮುಕ್ಕಳಿಸಿದರು. ಕಟ್ಟಿದ್ದು ಬಿಡಲಿಲ್ಲ. ಪರೀಕ್ಷೆಗಳಾದವು, ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಡಾಕ್ಟರು ಒಳ್ಳೆಯವರು, ಚಿತ್ರ ಬರೆದು ವಿವರಿಸಿದರು. ಗಂಟಲ ಗಂಟು ಎಷ್ಟೋ ಕಾಲದಿಂದ ಒಳಗೇ ಬೆಳೆಯುತ್ತಿತ್ತಂತೆ. ನಾನು ಚೀಟಿ ಹಿಡಿದು ಕೂತು ತಲೆಯಾಡಿಸಿದೆ. ಒಂದರ ಹಿಂದೆ ಇನ್ನೊಂದು ಆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತೆಂದಲ್ಲ ಎಂದು ನಮಗೆ ಎಂಬಿಎಯಲ್ಲಿ ಕಲಿಸಿದ್ದರು, ಅದರಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಮನೆಗೆ ಬಂದು, ತಂತಿಯ ಮೇಲೆ ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಹೊತ್ತಿರುವಾಗಲೇ ಬಾಚಿ ಒಳಕ್ಕೆ ತಂದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಗಡಿಯಾರದ ಮೇಲೆ ಕೋಪ ಬರುತ್ತಿತ್ತು. ಅತ್ತೆ ಬೇಕಾದ್ದನ್ನು ಸ್ಲೇಟಿನ ಮೇಲೆ, ಅದೇ ದುಂಡಗಿನ ಅಕ್ಷರದಲ್ಲಿ ಬರೆದು ತೋರಿಸುತ್ತಿದ್ದರು. ಆಪರೇಷನ್ ಆಗಿ ಬಂದ ಮೊದಲ ಮಂಗಳವಾರ, ದೀಪ ಹಚ್ಚಿದ ಹೊತ್ತಿಗೆ ಫೋನು ಬಡಿದುಕೊಂಡಿತು. ನಾನು ಅಡಿಗೆಮನೆಯಲ್ಲಿದ್ದೆ. ಆ ಪರೀಕ್ಷೆಯ ನಂಬರನ್ನು ತೆಗೆಸಲು ಯಾರಿಗೂ ನೆನಪಾಗಿರಲಿಲ್ಲ. ಓಡಿ ಬರುವಷ್ಟರಲ್ಲಿ ಅತ್ತೆ ಎತ್ತಿದ್ದರು. ಕಿವಿಗಿಂತ ಸ್ವಲ್ಪ ದೂರ ಹಿಡಿದಿದ್ದರಿಂದ ನನಗೂ ಕೇಳಿಸಿತು. "ಮಗಾ..." ಬಿಟ್ಟು, "ಮಗಾ..." ಬಿಟ್ಟು, "ಎಲ್ಲಿದ್ದೀಯೇ ಮಗಾ?"

ಅತ್ತೆಯ ತುಟಿ ಅಲುಗಿತು. ದನಿ ಬರದೆ, ಅವರು ಉಗುರಿನಿಂದ ಫೋನಿನ ಮೇಲೆ ಟಕ್ಕೆಂದು ತಟ್ಟಿದರು. ಯಂತ್ರಕ್ಕೆ ಅಷ್ಟು ಸದ್ದು ಸಾಕಾಯಿತು. ಮಾತು ಮುಂದುವರಿಯಿತು. ಯಾವ ಬಸುರಿಗೋ ಹೇಳಬೇಕಾದ ಬುದ್ಧಿಮಾತನ್ನೆಲ್ಲ ಅರವತ್ತು ದಾಟಿದ ಅತ್ತೆ ತಲೆಯಾಡಿಸುತ್ತಾ ಕೇಳಿ, ಕೊನೆಗೆ ಒಂದನ್ನು ಒತ್ತಿ, ಫೋನಿಟ್ಟರು. ನಾನು ಮರುದಿನವೇ ನಂಬರು ತೆಗೆಸುತ್ತೇನೆಂದೆ. ಅವರು ನನ್ನ ಮಣಿಕಟ್ಟು ಹಿಡಿದರು. ಸ್ಲೇಟು ತೆಗೆದುಕೊಂಡು ಬರೆದರು: 'ಬರಲಿ. ವಾರಕ್ಕೊಂದು ಸಲ ಮನೆಗೆ ಬಂದು ಹೋಗಲಿ.'

ಹಾಗೆ ಅದು ಬರತೊಡಗಿತು. ಮಂಗಳವಾರ ಸಂಜೆ ಅತ್ತೆ ಮುಖ ತೊಳೆದು, ವಿಭೂತಿ ಇಟ್ಟು, ಫೋನಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಬೇಕೆಂದೇ ಮಹಡಿಗೆ ಹೋಗುತ್ತಿದ್ದೆ. ಫೋನಿನ ದನಿ ಅಲ್ಲಿಯವರೆಗೆ ಕೇಳಿಸುವುದು ಸಾಧ್ಯವಿಲ್ಲ ಎಂದು ನನಗೆ ಗೊತ್ತು. ಕೇಳಿಸುತ್ತಿತ್ತು. ಮೂರನೆಯದಕ್ಕೆ ನಾನು "ಬಂದೆ ಅತ್ತೆ" ಎಂದು ಇಳಿದು ಬರುತ್ತಿದ್ದೆ.

ಚೆನ್ನಾಗಿ ನಡೆದ ಯೋಜನೆಗೆ ಆಗುವುದೇ ಇದಕ್ಕೂ ಆಯಿತು. ಇದನ್ನು ಇಲ್ಲಿ ಮುಗಿಸಿ ಆಫ್ರಿಕಾಕ್ಕೆ ಒಯ್ಯೋಣ, ಅಲ್ಲಿನ ಭಾಷೆಯಲ್ಲಿ ಮಾಡೋಣ ಎಂದು ದೊಡ್ಡ ಆಫೀಸಿನವರು ತೀರ್ಮಾನಿಸಿದರು. ನನಗೆ ಬಡ್ತಿ, ಹೋಗಿ ಅಲ್ಲಿಯವರಿಗೆ ಚಿಂತೆ ಮಾಡುವುದನ್ನು ಕಲಿಸಿಬರಬೇಕು. ಒಂಟಿಕೊಪ್ಪಲಿನ ಯಂತ್ರ ನಿಲ್ಲುತ್ತದೆ ಎಂದು ಅತ್ತೆಗೆ ಹೇಳಿದ ದಿನ ಅವರು ಸ್ಲೇಟು ಮುಟ್ಟಲಿಲ್ಲ.

ಇಲ್ಲಿ ನನ್ನ ಕಾಯಿಲೆ ಅದರ ಪೂರ್ಣ ವೈಭವದಲ್ಲಿ ಎದ್ದಿತು. ದನಿ ಕಳೆದುಹೋಗಬಾರದು. ಅತ್ತೆಯ ಎಲ್ಲ ರೆಕಾರ್ಡುಗಳನ್ನು ಸೀಡಿಗಳಿಗೆ ಹಾಕಿಸಿದೆ. ಬೆಂಕಿ ಬಿದ್ದೀತೆಂದು ಒಂದನ್ನು ಗುಂಡ್ಲುಪೇಟೆಗೆ ಕಳಿಸಿದೆ, ಪ್ರವಾಹ ಬಂದೀತೆಂದು ಒಂದನ್ನು ಮಹಡಿಯ ಬೀರುವಿನಲ್ಲಿಟ್ಟೆ, ಗೆದ್ದಲು ಹತ್ತೀತೆಂದು ಒಂದನ್ನು ಉಕ್ಕಿನ ಡಬ್ಬಿಯಲ್ಲಿಟ್ಟೆ. ಮೈಸೂರಿನ ಆ ಎತ್ತರದಲ್ಲಿ ಪ್ರವಾಹ ಎಲ್ಲಿಂದ ಬರಬೇಕೆಂದು ಕೇಳಬೇಡಿ. ಗೆದ್ದಲು ಸೀಡಿ ತಿನ್ನುತ್ತದೆಯೇ ಎಂದೂ ಕೇಳಬೇಡಿ. ನಿಶ್ಚಿಂತಳಾಗಿ, ಎಂದರೆ ವಿಮಾನದ ಬಗ್ಗೆ ಮಾತ್ರ ಚಿಂತಿಸುತ್ತಾ ಹೊರಟೆ. ಅತ್ತೆಯ ಜೊತೆಗಿರಲು ಅಮ್ಮ ಬಂದಳು.

ಕೆಲವು ವಾರ ಕಳೆದು ಹಿಂತಿರುಗಿದ್ದು ಒಂದು ಮಂಗಳವಾರ. ಒಳಗೆ ಕಾಲಿಟ್ಟಾಗ ಅತ್ತೆ ವಿಭೂತಿ ಇಟ್ಟುಕೊಂಡು ಫೋನಿನ ಪಕ್ಕ ಕೂತಿದ್ದರು. ಯಂತ್ರ ನಿಂತು ಎಷ್ಟೋ ದಿನವಾಗಿತ್ತು. ದೀಪದ ಹೊತ್ತಾಯಿತು. ಫೋನು ಬಡಿದುಕೊಳ್ಳಲಿಲ್ಲ. ಆದರೂ ಅತ್ತೆ ಎತ್ತಿದರು, ಕಿವಿಗಿಟ್ಟರು, ಕಾದರು, ಉಗುರಿನಿಂದ ತಟ್ಟಿದರು, ತಲೆಯಾಡಿಸುತ್ತಾ ಕೇಳಿದರು. ಬಾಗಿಲಲ್ಲಿ ನಿಂತ ಅಮ್ಮ, ಪ್ರತಿ ವಾರವೂ ಹೀಗೇ ಎಂದು ಕಣ್ಣಲ್ಲೇ ಹೇಳಿದಳು. ನಾನು ಹತ್ತಿರ ಹೋಗಿ ಕಿವಿಗೊಟ್ಟೆ. ಕುಂಯ್ ಎನ್ನುವ ಖಾಲಿ ಲೈನು. ಅತ್ತೆ ಒಂದನ್ನು ಒತ್ತಿ ಇಟ್ಟರು.

ತಡೆಯಲಾಗಲಿಲ್ಲ. ಉಕ್ಕಿನ ಡಬ್ಬಿ ತೆಗೆದು, ಸೀಡಿಯನ್ನು ಪ್ಲೇಯರಿಗೆ ಹಾಕಿ, ಅತ್ತೆಯ ಕುರ್ಚಿಯ ಪಕ್ಕಕ್ಕೆ ತಂದಿಟ್ಟೆ. ಅವರ ಮುಖ ಬೆಳಗಿತು. ನೆಟ್ಟಗೆ ಕೂತರು. ನಾನು ಗುಂಡಿ ಒತ್ತಿದೆ.

"ನಮಸ್ಕಾರ. ನಾನು ಗಿರಿಜಮ್ಮ."

ಅಷ್ಟೇ. ಅಲ್ಲಿಂದ ಮುಂದೆ ತಿಂಗಳುಗಳು, ವಾರಗಳು, ಅಂಕಿಗಳು, ಮಾತ್ರೆ, ಎಲ್ಲ ಒಂದೂ ಬಿಡದೆ ಇದ್ದವು. ಮೂರು ಕೂಗು ಇರಲಿಲ್ಲ. ಅದನ್ನು ಮಂಜುನಾಥ ತನ್ನ ರೆಕಾರ್ಡರಿನಲ್ಲಿ ಹಿಡಿದವನು, ಯಂತ್ರದೊಳಗೆ ಬೇರೆಯೇ ಜಾಗದಲ್ಲಿ ಇಟ್ಟಿದ್ದ. ಉಗ್ರಾಣದಲ್ಲಿ ಹೇಳಿಸಿದ ಮಾತುಗಳೆಲ್ಲ ಸೀಡಿಗೆ ಬಂದಿದ್ದವು. ಮಹಡಿಗೆ ಕೂಗಿದ್ದು ಬಂದಿರಲಿಲ್ಲ. ಯಂತ್ರವನ್ನು ಅಷ್ಟರಲ್ಲಿ ಅಳಿಸಿ, ಒರೆಸಿ, ಹಿಂದಕ್ಕೆ ಕಳಿಸಿಯಾಗಿತ್ತು. ರೆಕಾರ್ಡರಿನಲ್ಲಿ, ಆ ಕೂಗಿನ ಮೇಲೆಯೇ ಹಿಡಿದ, ಅವನ ತಂಗಿಯ ಮದುವೆಯ ನಾದಸ್ವರವಿತ್ತು.

ಅತ್ತೆಯ ಮುಖದ ಬೆಳಕು ಮೆಲ್ಲಗೆ ಇಳಿಯಿತು. ಹೊತ್ತು ಮುಳುಗಿತ್ತು. ಬಲ್ಲ ದನಿಯೊಂದು, ಉಸಿರೇ ತೆಗೆದುಕೊಳ್ಳದೆ, ಒಂದೇ ಸಲ ಕೂಗಿತ್ತು. ಅವರು ತಟ್ಟಲಿಲ್ಲ. ತಲೆಯಾಡಿಸಲಿಲ್ಲ. ತಮ್ಮದೇ ದನಿಗೆ ಓ ಎನ್ನದೆ, ಅದು ಮಾತಾಡಿ ಮುಗಿಸುವವರೆಗೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಆಮೇಲೆ ಎದ್ದು, ಶಾಲೆಯ ಹಳೆಯ ಡಬ್ಬಿಯಿಂದ ಸೀಮೆಸುಣ್ಣ ತೆಗೆದುಕೊಂಡು ಹೋಗಿ, ಎಷ್ಟೋ ವರ್ಷಗಳಿಂದ ಖಾಲಿಯಿದ್ದ ಬಾಗಿಲ ಮೇಲೆ ಆ ಎರಡು ಪದ ಬರೆದರು.

ಅವರು ಹೋಗಿ ಬಹಳ ಕಾಲವಾಯಿತು. ಆ ಅಕ್ಷರದ ಮೇಲೆ ನಾನು ಬಣ್ಣ ಹೊಡೆಸಿಲ್ಲ. ಎರಡು ಊರುಗಳ ಮೂರು ಜಾಗಗಳಲ್ಲಿ ಅತ್ತೆಯ ಎಲ್ಲ ಅಂಕಿಗಳೂ ಕ್ಷೇಮವಾಗಿವೆ. ನನ್ನನ್ನು ಕರೆದದ್ದು ಮಾತ್ರ ಎಲ್ಲೂ ಇಲ್ಲ. ಕೆಟ್ಟದ್ದು ಇಷ್ಟೇ. ಹೇಳಿದೆನಲ್ಲ, ಚಿಕ್ಕದು.

ಇನ್ನು ಇವತ್ತಿನ ಫೋನು. ಮೂರು ಸಲ ಬಡಿದುಕೊಂಡ ಮೇಲೆ ಎತ್ತಿದೆ. ಹಲೋ ಎಂದೆ. ಅತ್ತ ಕಡೆ ಯಾರೂ ಮಾತಾಡಲಿಲ್ಲ. ಖಾಲಿ ಲೈನಲ್ಲ ಅದು, ಯಾರೋ ಉಸಿರು ಬಿಗಿಹಿಡಿದು ನಿಂತ ಲೈನು. ಆ ಮೌನವನ್ನು ನಾನು ಚೆನ್ನಾಗಿ ಬಲ್ಲೆ, ಅದರ ಮೇಲೆ ವರದಿಗಳನ್ನು ಬರೆದವಳು. ಇಟ್ಟುಬಿಡಬಹುದಿತ್ತು. ಇಷ್ಟು ವರ್ಷ ಕರೆಸಿಕೊಳ್ಳಲು ಕಾದವಳಿಗೆ, ಅತ್ತ ಕಡೆಯವರೂ ಅದಕ್ಕೇ ಕಾಯುತ್ತಿರಬಹುದೆಂದು ಇದ್ದಕ್ಕಿದ್ದಂತೆ ಹೊಳೆಯಿತು.

"ಮಗಾ..." ಎಂದೆ. ಬಿಟ್ಟು, ಮತ್ತೆ "ಮಗಾ..." ಎಂದೆ. ನನ್ನ ದನಿ ಇಷ್ಟು ವಯಸ್ಸಾದದ್ದು ನನಗೆ ಗೊತ್ತಿರಲಿಲ್ಲ. ಎಲ್ಲಿ ತಗ್ಗಬೇಕೋ ಅಲ್ಲಿ ತಾನಾಗಿ ತಗ್ಗಿತು. "ಎಲ್ಲಿದ್ದೀಯೇ ಮಗಾ?"

ಅತ್ತ ಕಡೆಯಿಂದ ಟಕ್ಕೆಂದು ಉಗುರಿನಷ್ಟು ಸದ್ದು. ಆಮೇಲೆ ಯಾರೋ ಒಂದು ಗುಂಡಿ ಒತ್ತಿದರು. ಲೈನು ಹೋಯಿತು.

ಒತ್ತಿದ್ದು ಒಂದನ್ನೋ, ಎರಡನ್ನೋ ತಿಳಿಯಲಿಲ್ಲ. ಈಗ ಅದೇ ಚಿಂತೆ.